ಪೂಜೆಯಿಲ್ಲದ ಚಿಮಟ

ಆಯುಧಪೂಜೆ ಬಂತೆಂದರೆ ನಮ್ಮ ನೋಯ್ಡಾ ಮನೆಯಲ್ಲಿರುವ ಕಬ್ಬಿಣಕ್ಕೆಲ್ಲ ಕುಂಕುಮ ಬೀಳುತ್ತದೆ. ಈಳಿಗೆ ಮಣೆ, ಕತ್ತರಿ, ಸ್ಕೂಟರು, ಮಿಕ್ಸಿ, ಇಸ್ತ್ರಿ ಪೆಟ್ಟಿಗೆ, ಯಾವುದನ್ನೂ ನನ್ನ ಹೆಂಡತಿ ಗಿರಿಜೆ ಬಿಡುವುದಿಲ್ಲ. ಒಂದು ವರ್ಷ ಟಿವಿಯ ರಿಮೋಟಿಗೂ ಇಟ್ಟಳು. ಅದಾದ ಮೇಲೆ ಧ್ವನಿ ಕಡಿಮೆ ಮಾಡುವ ಗುಂಡಿ ಒತ್ತಿದರೆ ಚಾನೆಲ್ಲೇ ಬದಲಾಗುತ್ತಿತ್ತು. ‘ದೇವರಿಗೆ ಆ ಸೀರಿಯಲ್ ಇಷ್ಟ ಇಲ್ಲ ಅಂತ ಕಾಣತ್ತೆ’ ಅಂದೆ. ಆವತ್ತು ಸಂಜೆ ನನಗೆ ಕಾಫಿ ಬರಲಿಲ್ಲ.

ಒಂದೇ ಒಂದು ವಸ್ತುವಿಗೆ ಮಾತ್ರ ನಾನು ಕುಂಕುಮ ಇಡಲು ಬಿಡುವುದಿಲ್ಲ. ಅದೊಂದು ಚಿಮಟ. ಬೆರಳುದ್ದದ್ದು, ಮೂತಿ ಸ್ವಲ್ಪ ಬಾಗಿದೆ, ಮೊನೆ ಸೂಜಿಯಂತಿದೆ. ನನ್ನ ಷರ್ಟಿನ ಜೇಬಿನಲ್ಲಿ ಪೆನ್ನಿನ ಪಕ್ಕ ಇರುತ್ತದೆ. ಗಿರಿಜೆ ಪ್ರತಿವರ್ಷ ಕೈ ಚಾಚುತ್ತಾಳೆ, ನಾನು ಪ್ರತಿವರ್ಷ ಜೇಬು ಮುಚ್ಚಿಕೊಳ್ಳುತ್ತೇನೆ. ‘ಅದೇನ್ರೀ, ಚಿನ್ನದ್ದಾ?’ ಅನ್ನುತ್ತಾಳೆ. ಚಿನ್ನದ್ದಲ್ಲ, ಸ್ಟೀಲಿನದು. ಆದರೆ ಅದರ ಕಥೆ ಹೇಳಬೇಕಾದರೆ ನಾನು ಎಣ್ಣೆ ಗಾಣದಿಂದ ಶುರುಮಾಡಬೇಕು.

ನನ್ನ ಊರು ಚಳ್ಳಕೆರೆ. ಅಲ್ಲಿ ಗಾಳಿಗೂ ಕಡಲೆಕಾಯಿ ಎಣ್ಣೆಯ ವಾಸನೆ. ಐದನೇ ಕ್ಲಾಸು ಬಿಟ್ಟು ನಾನು ಒಂದು ಎಣ್ಣೆ ಮಿಲ್ಲು ಸೇರಿದೆ. ಬಿಟ್ಟದ್ದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಭಾಗಾಕಾರ ಬಂತು, ನಾನು ಹೋದೆ. ಆಮೇಲೆ ಮೀಸೆ ಬಂದಮೇಲೆ ಬುದ್ಧಿಯೂ ಬಂದು ಮತ್ತೆ ಓದಲು ಕುಳಿತೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಬರೆಯಲು ಹೋದಾಗ ನನಗೆ ಇಪ್ಪತ್ನಾಲ್ಕು. ಪರೀಕ್ಷೆಯ ಕೋಣೆಯ ಬಾಗಿಲಲ್ಲಿ ನಿಂತಿದ್ದವರು ನನ್ನನ್ನು ಮೇಲ್ವಿಚಾರಕರು ಅಂದುಕೊಂಡು ನಮಸ್ಕಾರ ಹೊಡೆದು ಪ್ರಶ್ನೆಪತ್ರಿಕೆಯ ಕಟ್ಟು ಕೊಡಲು ಬಂದರು. ಈಸಿಕೊಂಡಿದ್ದರೆ ಇನ್ನೂ ಸ್ವಲ್ಪ ಒಳ್ಳೆ ನಂಬರು ಬರುತ್ತಿತ್ತೇನೋ. ಆಮೇಲೆ ಲ್ಯಾಬ್ ಟೆಕ್ನಿಷಿಯನ್ ಕೋರ್ಸು. ಆಮೇಲೆ ಗಿರಿಜೆ. ಗಿರಿಜೆಯ ಅಣ್ಣ ದೆಹಲಿಯ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತರು. ಅವರು ಎಲ್ಲೋ ಜಾಹೀರಾತು ನೋಡಿ ಅರ್ಜಿ ಹಾಕಿಸಿದರು. ಹಾಗೆ ನಾನು ದಕ್ಷಿಣ ದೆಹಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ, ಕಾಂಟ್ರಾಕ್ಟಿನ ಮೇಲೆ, ಮೈಕ್ರೋಸ್ಕೋಪ್ ಕೋಣೆಯ ಉಸ್ತುವಾರಿಯಾದೆ.

ನನ್ನ ಹೆಸರು ತಿಪ್ಪೇಸ್ವಾಮಿ. ಅದು ದೆಹಲಿಯವರ ನಾಲಿಗೆಯಲ್ಲಿ ಮೊದಲ ದಿನವೇ ಮುರಿದುಬಿತ್ತು. ಉಳಿದ ತುಂಡಿಗೆ ಅವರೊಂದು ‘ಜೀ’ ಅಂಟಿಸಿದರು. ನಾನು ಸ್ವಾಮೀಜಿಯಾದೆ. ಗೇಟಿನ ಗಾರ್ಡು ಬೆಳಿಗ್ಗೆ ಬೆಳಿಗ್ಗೆ ‘ಪ್ರಣಾಮ್ ಸ್ವಾಮೀಜಿ’ ಅಂತ ತಲೆಬಾಗುತ್ತಿದ್ದ. ಒಂದು ತಿಂಗಳು ತಿದ್ದಿದೆ. ಆಮೇಲೆ ಕೈ ಎತ್ತಿ ಆಶೀರ್ವಾದ ಮಾಡಲು ಶುರುಮಾಡಿದೆ.

ಮೈಕ್ರೋಸ್ಕೋಪ್ ಕೋಣೆ ಅಂದರೆ ಕಿಟಕಿಯಿಲ್ಲದ ಕತ್ತಲೆ ಕೋಣೆ. ಇಡೀ ಕಟ್ಟಡದಲ್ಲಿ ಎ.ಸಿ. ಕೆಟ್ಟರೂ ಅಲ್ಲಿ ಕೆಡುತ್ತಿರಲಿಲ್ಲ, ಯಾಕೆಂದರೆ ಉಪಕರಣಕ್ಕೆ ಸೆಕೆ ಆಗಬಾರದು. ಮನುಷ್ಯರಿಗೆ ಆಗಬಹುದು. ಹಾಗಾಗಿ ಮೇ ತಿಂಗಳಲ್ಲಿ ದೊಡ್ಡ ದೊಡ್ಡ ವಿಜ್ಞಾನಿಗಳಿಗೆ ಇದ್ದಕ್ಕಿದ್ದಂತೆ ಜೀವಕೋಶದ ಮೇಲೆ ಪ್ರೀತಿ ಉಕ್ಕುತ್ತಿತ್ತು. ರಿಜಿಸ್ಟರಿನಲ್ಲಿ ಎರಡು ಗಂಟೆ ಬರೆದು, ಕಣ್ಣನ್ನು ಐಪೀಸಿಗೆ ಒತ್ತಿಕೊಂಡು, ಗೊರಕೆ ಹೊಡೆಯುತ್ತಿದ್ದರು. ನಾನು ಬಾಗಿಲು ಮೆಲ್ಲಗೆ ಮುಚ್ಚುತ್ತಿದ್ದೆ. ಸಂಶೋಧನೆಗೆ ಭಂಗ ಬರಬಾರದು.

ಆ ಕೋಣೆಯ ಕೆಲಸ ಇಷ್ಟೇ. ಜೀವಕೋಶಕ್ಕೆ ತನ್ನದೇ ಬಣ್ಣ ಅಂತ ಹೆಚ್ಚೇನೂ ಇರುವುದಿಲ್ಲ, ನೀರಿನೊಳಗಿನ ನೀರಿನಂತೆ ಕಾಣುತ್ತದೆ. ಆದ್ದರಿಂದ ಅದರೊಳಗಿನ ಯಾವುದಾದರೂ ಒಂದು ಭಾಗಕ್ಕೆ ಹೊಳೆಯುವ ಗುಣವೊಂದನ್ನು ಅಂಟಿಸುತ್ತಾರೆ. ಅದರ ಮೇಲೆ ನೀಲಿ ಬೆಳಕು ಬಿಟ್ಟರೆ ಹಸಿರು ಬೆಳಕು ಕೊಡುತ್ತದೆ. ಸುತ್ತ ಎಲ್ಲ ಕಪ್ಪು, ನಡುವೆ ನಿಮಗೆ ಬೇಕಾದದ್ದು ಮಾತ್ರ ಹಸಿರು. ಎಲ್ಲಿದೆ, ಎಷ್ಟಿದೆ, ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ನೋಡಬಹುದು. ಮೊದಲ ಸಲ ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಎರಡನೇ ಸಲ ಮಾತು ಹೊರಟಿತು, ಅದೇ ತಪ್ಪಾಯಿತು. ‘ಸರ್, ಬಾಲ ಇರೋ ಹೊಸ ಜೀವಿ!’ ಅಂತ ಕೂಗಿ ನಾಲ್ಕು ಜನರನ್ನು ಸೇರಿಸಿದೆ. ಅದು ನನ್ನದೇ ಕಣ್ಣಿನ ರೆಪ್ಪೆಯ ಕೂದಲು. ಗಾಜಿನ ಮೇಲೆ ಉದುರಿತ್ತು. ಆವತ್ತಿನಿಂದ ಯಾರು ಏನು ಕಂಡೆ ಅಂದರೂ ನಾನು ಮೊದಲು ಅವರ ರೆಪ್ಪೆ ನೋಡುತ್ತೇನೆ.

ಈಗ ಶಾಹಿನಾ ಬರಬೇಕು.

ಶಾಹಿನಾ ಹರಿಹರದ ಹುಡುಗಿ, ನಮ್ಮಲ್ಲಿ ಪಿಎಚ್‌ಡಿ ಮಾಡುತ್ತಿದ್ದಳು. ನಾನು ಒಮ್ಮೆ ಕೈಜಾರಿದ ಗಾಜಿಗೆ ಕನ್ನಡದಲ್ಲಿ ಬೈದದ್ದು ಕೇಳಿ ಬಾಗಿಲಿಂದ ಇಣುಕಿ, ‘ಅಣ್ಣಾ, ಈ ಬೈಗುಳ ಕೇಳಿ ಎರಡು ವರ್ಷ ಆಗಿತ್ತು. ಇನ್ನೊಂದ್ಸಲ ಹೇಳಿ’ ಅಂದಿದ್ದಳು. ಅಂದಿನಿಂದ ನಾನು ಅವಳಿಗೆ ಅಣ್ಣ. ಅವಳ ಗೈಡು ಮಲ್ಹೋತ್ರಾ ಸರ್. ಒಳ್ಳೆಯವರು, ಆದರೆ ಒಂದು ಊಹೆಯನ್ನು ಮಗುವಿನ ಹಾಗೆ ಸೊಂಟದ ಮೇಲೆ ಹೊತ್ತು ತಿರುಗುವವರು. ಊಹೆ ಏನೆಂದರೆ, ಕೋಶದ ನಟ್ಟನಡುವಿನ ಬೀಜದ ಪಕ್ಕದಲ್ಲಿ ಒಂದು ಪ್ರೋಟೀನು ಸುಮ್ಮನೆ ಕೂತಿರುತ್ತದೆ. ಕೋಶವನ್ನು ಉಪವಾಸ ಕೆಡವಿದರೆ ಅದು ಎದ್ದು ಕೋಶದ ತುಂಬ ಬಲೆಯಂತೆ ಹರಡಿಕೊಳ್ಳುತ್ತದೆ. ಶಾಹಿನಾಳ ಕೆಲಸ ಆ ಪ್ರೋಟೀನಿಗೆ ಹಸಿರು ಹೊಳಪು ಕಟ್ಟಿ, ಕೋಶಗಳಿಗೆ ಊಟ ನಿಲ್ಲಿಸಿ, ಅದು ಏಳುವುದನ್ನು ನೋಡುವುದು.

ಮೂರು ವರ್ಷ ನೋಡಿದಳು. ಅದು ಏಳಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಮಧ್ಯಾಹ್ನದ ಊಟ ಮುಗಿಸಿದವರಂತೆ ಕೂತೇ ಇತ್ತು. ‘ಅಣ್ಣಾ, ನಾನು ರಂಜಾನಲ್ಲಿ ಉಪವಾಸ ಇರ್ತೀನಿ, ಇಡೀ ದಿಲ್ಲಿ ನವರಾತ್ರಿಗೆ ಉಪವಾಸ ಇರತ್ತೆ, ಎಲ್ರೂ ಓಡಾಡ್ತಾರೆ. ಇದಕ್ಕೇನು ರೋಗ?’ ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು. ಆದರೆ ನವೆಂಬರಿನಲ್ಲಿ ಅವಳ ಫೆಲೋಶಿಪ್ಪು ಮುಗಿಯುತ್ತಿತ್ತು. ಸಮಿತಿಯ ಮುಂದೆ ನಿಂತು ಏನಾದರೂ ತೋರಿಸಿದರೆ ಮುಂದುವರಿಸುತ್ತಾರೆ, ಇಲ್ಲದಿದ್ದರೆ ಮೂರು ವರ್ಷವನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ಹರಿಹರದ ರೈಲು ಹತ್ತಬೇಕು.

ಅಕ್ಟೋಬರಿನಲ್ಲಿ ಆಯುಧಪೂಜೆ ಬಂತು.

ಮಿಲ್ಲಿನಲ್ಲಿ ಬೆಳೆದವನಿಗೆ ಆಯುಧಪೂಜೆ ಬಿಡಲು ಆಗುವುದಿಲ್ಲ. ಚಳ್ಳಕೆರೆಯಲ್ಲಿ ಆವತ್ತು ಯಂತ್ರ ನಿಲ್ಲಿಸಿ, ತೊಳೆದು, ಅರಿಶಿನ ಕುಂಕುಮ ಹಚ್ಚಿ, ಕುಂಬಳಕಾಯಿ ಒಡೆದು ಕಡಲೆಪುರಿ ಹಂಚುತ್ತಿದ್ದರು. ಪೂಜೆಗಿಟ್ಟ ಸ್ಪ್ಯಾನರನ್ನು ಮಾರನೆಯ ದಿನದವರೆಗೆ ಯಾರೂ ಮುಟ್ಟುವಂತಿಲ್ಲ. ಒಮ್ಮೆ ಮುಟ್ಟಿದ್ದಕ್ಕೆ ಮೇಸ್ತ್ರಿ ನನ್ನ ಕಿವಿ ಹಿಂಡಿದ್ದ. ಆ ಕಿವಿ ಈಗಲೂ ಸ್ವಲ್ಪ ಉದ್ದವಿದೆ ಅಂತ ಗಿರಿಜೆ ಹೇಳುತ್ತಾಳೆ.

ಆದರೆ ನಾನೀಗ ವಿಜ್ಞಾನದ ಮನುಷ್ಯ. ಮೈಕ್ರೋಸ್ಕೋಪಿನ ಮೇಲೆ ಅರಿಶಿನ ಹಚ್ಚುವಷ್ಟು ದಡ್ಡನಲ್ಲ. ಮೇಜಿನ ನಾಲ್ಕು ಕಾಲಿಗೆ ಮಾತ್ರ ಅರಿಶಿನ ಕಲಸಿ ದಪ್ಪ ದಪ್ಪ ಬೊಟ್ಟಿಟ್ಟೆ. ಚೆಂಡು ಹೂವಿನ ಮಾಲೆಯನ್ನು ಬಾಗಿಲ ಹೊರಗೇ ಕಟ್ಟಿದೆ. ಉಪಕರಣದ ಬದಲಿಗೆ, ಉಪಕರಣದ ಪ್ರತಿನಿಧಿಯಾಗಿ, ನನ್ನ ಒಂದೇ ಒಂದು ಚಿಮಟವನ್ನು ತಟ್ಟೆಯಲ್ಲಿಟ್ಟು ಹೂ ಏರಿಸಿದೆ. ಎಷ್ಟು ಜಾಣತನ ನೋಡಿ.

ಅಷ್ಟರಲ್ಲಿ ಶಾಹಿನಾ ಬಂದಳು.

‘ಅಣ್ಣಾ, ಪುರಿ ಕೊಡಿ. ಮತ್ತೆ ಕವರ್‌ಸ್ಲಿಪ್ಪೂ ಕೊಡಿ.’

‘ಇವತ್ತು ಕೆಲಸಾನಾ? ಹಬ್ಬ ಕಣಮ್ಮ.’

‘ಕೋಶಕ್ಕೆ ಹೇಳಿ ಹಬ್ಬ ಅಂತ. ಇವತ್ತು ಗಾಜಿಗೆ ಹಾಕ್ಲಿಲ್ಲ ಅಂದ್ರೆ ನಾಳೆ ಸತ್ತಿರ್ತಾವೆ.’

ಕವರ್‌ಸ್ಲಿಪ್ ಅಂದರೆ ಗುಂಡನೆಯ ಗಾಜಿನ ಬಿಲ್ಲೆ, ಹಪ್ಪಳಕ್ಕಿಂತ ತೆಳ್ಳಗೆ. ಕೋಶಗಳನ್ನು ಅದರ ಮೇಲೆ ಬೆಳೆಸುತ್ತಾರೆ. ಬಿಲ್ಲೆಗಳೆಲ್ಲ ನನ್ನ ಕೋಣೆಯ ಕಂದು ಗಾಜಿನ ಜಾಡಿಯೊಂದರಲ್ಲಿ, ಆಲ್ಕೋಹಾಲಿನಲ್ಲಿ ಮುಳುಗಿರುತ್ತಿದ್ದವು. ಬೇಕಾದಾಗ ಚಿಮಟದಲ್ಲಿ ಎತ್ತಿ, ಒಣಗಿಸಿ ಕೊಡುವುದು ನನ್ನ ಕೆಲಸ. ಚಿಮಟ ದೇವರ ಮುಂದಿತ್ತು. ಬೇರೆಯವರ ಚಿಮಟಗಳು ಅವರವರ ಡ್ರಾಯರಿನಲ್ಲಿ, ಬೀಗದೊಳಗೆ. ನನ್ನ ಉದ್ದ ಕಿವಿ ಜುಮ್ಮೆಂದಿತು. ಕೈಯನ್ನು ಸೋಪಿನಲ್ಲಿ ಎರಡು ಸಲ ಉಜ್ಜಿ ತೊಳೆದೆ, ಜಾಡಿಗೆ ಎರಡು ಬೆರಳು ಇಳಿಸಿದೆ, ಒಂದೊಂದೇ ಬಿಲ್ಲೆ ಎತ್ತಿ ಕೊಟ್ಟೆ. ಸಣ್ಣ ಕೈಚಳಕವಲ್ಲ ಅದು. ಶಾಹಿನಾ ಪುರಿ ಬಾಯಿಗೆ ಎಸೆದುಕೊಳ್ಳುತ್ತ, ‘ವ್ಹಾ ಅಣ್ಣಾ’ ಅಂದಳು.

ಮೂರನೇ ದಿನ ಕತ್ತಲೆ ಕೋಣೆಯಿಂದ ಒಂದು ಕಿರುಚಾಟ. ಹಾವು ಬಂತೇನೋ ಅಂತ ನಾನು ಪೊರಕೆ ಹಿಡಿದು ಓಡಿದೆ.

‘ಅಣ್ಣಾ, ಎದ್ದಿದೆ! ಎದ್ದಿದೆ ಅಣ್ಣಾ!’

ನೋಡಿದೆ. ಎದ್ದಿತ್ತು. ಕೋಶದ ತುಂಬ ಹಸಿರು ಬಲೆ, ಸಂಜೆ ದೀಪ ಹಚ್ಚಿದ ಊರನ್ನು ಮೇಲಿಂದ ನೋಡಿದ ಹಾಗೆ. ನಾನು ಅವಳ ರೆಪ್ಪೆ ನೋಡಿದೆ, ಎಲ್ಲ ಕೂದಲೂ ಇದ್ದವು. ಮಲ್ಹೋತ್ರಾ ಸರ್ ಓಡಿಬಂದರು. ಅರ್ಧ ಗಂಟೆ ಕಣ್ಣು ತೆಗೆಯಲಿಲ್ಲ, ಗೊರಕೆಯೂ ಹೊಡೆಯಲಿಲ್ಲ. ಆಮೇಲೆ ಎಲ್ಲರಿಗೂ ಸಮೋಸ ತರಿಸಿದರು. ಶಾಹಿನಾ ಒಂದು ಸಣ್ಣ ಅನುಮಾನ ಎತ್ತಿದಳು: ಹೊಟ್ಟೆ ತುಂಬಿದ ಕೋಶಗಳನ್ನೂ ಇನ್ನೊಮ್ಮೆ ಬೆಳೆಸಿ ಪಕ್ಕದಲ್ಲಿಟ್ಟು ನೋಡಬೇಡವೇ? ಸರ್ ಸಮೋಸದ ಕೈ ಬೀಸಿದರು. ‘ಅರೇ, ಅದರ ಫೋಟೋ ಹಳೆಯದು ಮೂರು ವರ್ಷದ್ದಿದೆ. ಈಗ ಟೈಮ್ ಎಲ್ಲಿದೆ? ಚಲೋ, ಸಮಿತಿಗೆ ತಯಾರಾಗು.’ ಅವಳು ಅದೇ ಜಾಡಿಯ ಬಿಲ್ಲೆಗಳ ಮೇಲೆ ಇನ್ನೂ ಎರಡು ಸಲ ಕೋಶಗಳನ್ನು ಉಪವಾಸ ಕೆಡವಿದಳು. ಎರಡು ಸಲವೂ ಬಲೆ ಎದ್ದಿತು.

‘ಎಲ್ಲಾ ನಿಮ್ಮ ಪೂಜೆ ಮಹಿಮೆ ಅಣ್ಣಾ’ ಅಂದಳು ಶಾಹಿನಾ, ತಮಾಷೆಗೆ. ನಾನು ತಮಾಷೆಗೆ ತೆಗೆದುಕೊಳ್ಳಲಿಲ್ಲ. ಮನೆಗೆ ಹೋಗಿ ಗಿರಿಜೆಗೆ, ‘ವಿಜ್ಞಾನಕ್ಕೂ ಒಂದು ಕೈ ಬೇಕು ಕಣೇ’ ಅಂದೆ. ಸುದ್ದಿ ಹಬ್ಬಿತು. ಮೂರನೇ ಮಹಡಿಯ ಒಬ್ಬರು, ಹೆಸರಿನ ಮುಂದೆ ಡಾಕ್ಟರ್ ಇರುವವರು, ಲಿಫ್ಟಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, ‘ಸ್ವಾಮೀಜಿ, ನಮ್ಮ ಸೆಂಟ್ರಿಫ್ಯೂಜ್ ಮಿಷನ್ನಿಗೂ ಸ್ವಲ್ಪ ನೋಡ್ತೀರಾ?’ ಅಂತ ಹಿಂದಿಯಲ್ಲಿ ಪಿಸುಗುಟ್ಟಿದರು. ನಾನು ಪಂಚಾಂಗ ನೋಡಿ ಹೇಳುತ್ತೇನೆ ಅಂದೆ. ಎರಡು ವಾರ ನನ್ನ ನಡಿಗೆಯೇ ಬೇರೆ ಇತ್ತು.

ಸಮಿತಿಗೆ ಇನ್ನು ಐದು ದಿನ. ಆವತ್ತು ಡಬ್ಬಿಯಲ್ಲಿ ಗಿರಿಜೆ ಚಿತ್ರಾನ್ನ ಕಟ್ಟಿದ್ದಳು. ತಿಂದೆ, ಕೈ ತೊಳೆದೆ, ಕೋಣೆಗೆ ಹೋಗಿ ಮಧ್ಯಾಹ್ನದ ಸರದಿಗೆ ದೀಪ ಸರಿಮಾಡಲು ಕುಳಿತೆ. ಕೋಣೆ ಕತ್ತಲು. ನೀಲಿ ಬೆಳಕು ಮೇಲೆ ಬರುವ ಜಾಗದಲ್ಲಿ ಕೈಯಿಟ್ಟೆ.

ನನ್ನ ಉಗುರುಗಳು ಹೊಳೆದವು. ಹಸಿರಾಗಿ.

ಕೈ ತೆಗೆದೆ. ಮತ್ತೆ ಇಟ್ಟೆ. ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು, ಚಿತ್ರಾನ್ನ ಕಲಸಿದ ಬೆರಳುಗಳೆಲ್ಲ ದೀಪಾವಳಿ. ಎಡಗೈ ಇಟ್ಟು ನೋಡಿದೆ, ಕಪ್ಪಗಿತ್ತು. ಅರಿಶಿನ! ನಮ್ಮ ಒಗ್ಗರಣೆಯ ಅರಿಶಿನ ನೀಲಿ ಬೆಳಕಿಗೆ ಹಸಿರು ಕೊಡುತ್ತದೆ. ಸೋಪಿಗೆ ಬಗ್ಗುವುದಿಲ್ಲ. ಆದರೆ ಆಲ್ಕೋಹಾಲಿಗೆ? ಹಬ್ಬದ ದಿನ ಮೇಜಿನ ಕಾಲಿಗೆ ಬೊಟ್ಟಿಟ್ಟ ಬೆರಳುಗಳನ್ನೇ ಜಾಡಿಗೆ ಇಳಿಸಿದ್ದೆನಲ್ಲ!

ಕಂದು ಜಾಡಿಯ ಆಲ್ಕೋಹಾಲನ್ನು ಬಿಳಿ ಬಟ್ಟಲಿಗೆ ಬಗ್ಗಿಸಿದೆ. ತೆಳು ಹಳದಿ, ಬೇಳೆ ಕಟ್ಟಿನ ಮೇಲಿನ ನೀರಿನಂತೆ. ಜಾಡಿಯ ಬಣ್ಣದಲ್ಲಿ ಇಷ್ಟು ದಿನ ಗೊತ್ತೇ ಆಗಿರಲಿಲ್ಲ. ಅದರಿಂದ ಬಿಲ್ಲೆಯೊಂದನ್ನು ಎತ್ತಿ, ಈ ಸಲ ಚಿಮಟದಿಂದ, ಒಣಗಿಸಿ, ಕೋಶವೂ ಇಲ್ಲದೆ ಪ್ರೋಟೀನೂ ಇಲ್ಲದೆ ಬರೀ ಗಾಜನ್ನು ಇಟ್ಟು ನೋಡಿದೆ. ಮಂಜಿನಂತೆ ಹಸಿರು. ಹೊಸ ಪೆಟ್ಟಿಗೆಯ ಬಿಲ್ಲೆ ಇಟ್ಟೆ. ಕಗ್ಗತ್ತಲು.

ಪ್ರೋಟೀನು ಎದ್ದಿರಲಿಲ್ಲ. ಗಾಜಿನ ಮೇಲೆ ಕೂತಿದ್ದ ಅರಿಶಿನವನ್ನು ಕೋಶಗಳು ಹೀರಿಕೊಂಡಿದ್ದವು. ಮೂರು ವರ್ಷದ ಮೇಲೆ ಆ ಹುಡುಗಿಗೆ ಸಿಕ್ಕಿದ ಒಂದೇ ಒಂದು ಫಲಿತಾಂಶ ನನ್ನ ಎರಡು ಬೆರಳು.

ಎರಡು ದಿನ ನಾನು ಹೇಳಲಿಲ್ಲ. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಹೇಳಲಿಲ್ಲ. ಹೇಳಿದರೆ ನನ್ನ ಕಾಂಟ್ರಾಕ್ಟು ಹೋಗುತ್ತದೆ ಅನ್ನುವುದು ಒಂದು ಭಯ. ಅದಕ್ಕಿಂತ ದೊಡ್ಡದು, ಹೇಳಿದರೆ ಅವಳಿಗೆ ತೋರಿಸಲು ಏನೂ ಉಳಿಯುವುದಿಲ್ಲ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಮೂರನೇ ಮಹಡಿಯ ಸೆಂಟ್ರಿಫ್ಯೂಜಿಗೂ ಪೂಜೆ ಆಗುತ್ತದೆ. ಜಾಡಿ ತೊಳೆದು ಹೊಸ ಆಲ್ಕೋಹಾಲು ತುಂಬಿಸಿಬಿಡೋಣ ಅಂತಲೂ ಎದ್ದೆ. ಜಾಡಿ ಕೈಯಲ್ಲಿತ್ತು, ಸಿಂಕು ಎದುರಿಗಿತ್ತು. ಆಗ ಹೊಳೆಯಿತು: ನಾಳೆ ಅವಳು ಮತ್ತೆ ಮಾಡಿದರೆ ಬಲೆ ಏಳುವುದಿಲ್ಲ. ತನ್ನ ಕೈಯಲ್ಲೇ ಏನೋ ತಪ್ಪಿದೆ ಅಂತ ಇನ್ನೊಂದು ಮೂರು ವರ್ಷ ಹುಡುಕುತ್ತಾಳೆ. ಅವಳ ಕೈಯಲ್ಲಿ ತಪ್ಪಿರಲಿಲ್ಲ. ಜಾಡಿಯನ್ನು ಮೇಜಿನ ಮೇಲಿಟ್ಟು ಅವಳನ್ನು ಕರೆದೆ.

ದೀಪ ಆರಿಸಿದೆ, ಬಲಗೈ ಬೆರಳುಗಳಿಗೆ ಮತ್ತೆ ಸ್ವಲ್ಪ ಅರಿಶಿನ ಉಜ್ಜಿಕೊಂಡಿದ್ದೆ, ನೀಲಿ ಬೆಳಕಿಗೆ ಹಿಡಿದೆ.

‘ಅಯ್ಯೋ, ಚೆನ್ನಾಗಿದೆ! ಏನಣ್ಣಾ ಇದು?’ ಅಂದಳು.

‘ಆಯುಧಪೂಜೆ’ ಅಂದೆ. ಬರೀ ಗಾಜು ತೋರಿಸಿದೆ. ದೀಪ ಹಾಕಿ ಬಟ್ಟಲಿನ ಹಳದಿ ತೋರಿಸಿದೆ. ಚಿಮಟ ದೇವರ ಮುಂದಿತ್ತಲ್ಲ, ಅದಕ್ಕೇ ಜಾಡಿಗೆ ಕೈ ಹಾಕಿದೆ ಅಂದೆ.

ಅವಳು ಬಟ್ಟಲೆತ್ತಿ ದೀಪದ ಕೆಳಗೆ ಹಿಡಿದು ನೋಡಿದಳು.

‘ನಾನು ನಿಮ್ಮ ಎದುರಿಗೇ ನಿಂತಿದ್ದೆ’ ಅಂದಳು. ‘ಪುರಿ ತಿಂತಾ ನಿಂತಿದ್ದೆ. ವ್ಹಾ ಅಂದೆ.’

‘ಹೌದು, ನೀನು ಅಂದೆ.’

‘ಸಮಿತಿ ಆದ್ಮೇಲೆ ಹೇಳ್ಬೋದಿತ್ತು ನೀವು.’

‘ಹೇಳ್ಬೋದಿತ್ತು. ಎರಡು ದಿನ ಅದನ್ನೇ ಯೋಚನೆ ಮಾಡ್ದೆ.’

‘ಮತ್ತೆ?’

‘ನಿನ್ನ ಕೈ ಸರಿಯಿದೆ ಕಣಮ್ಮ. ಕೆಟ್ಟಿದ್ದು ನನ್ನ ಕೈ.’

ಅವಳು ಎದ್ದು ಬಾಗಿಲು ದಡ್ ಅಂತ ಹಾಕಿಕೊಂಡು ಹೋದಳು. ನನ್ನ ಕಥೆ ಮುಗಿಯಿತು ಅಂದುಕೊಂಡೆ. ಕಾಲು ಗಂಟೆಗೆ ವಾಪಸು ಬಂದಳು, ಮುಖ ತೊಳೆದುಕೊಂಡಿದ್ದಳು. ‘ಜಾಡಿ ಚೆಲ್ಬೇಡಿ’ ಅಂದಳು. ಆವತ್ತೇ ಅದೇ ಜಾಡಿಯ ಬಿಲ್ಲೆಗಳ ಮೇಲೆ ಹೊಟ್ಟೆ ತುಂಬಿದ ಕೋಶಗಳನ್ನು ಹಾಕಿದಳು, ಹೊಸ ಬಿಲ್ಲೆಗಳ ಮೇಲೆ ಉಪವಾಸದವನ್ನು. ಎರಡು ದಿನದ ಮೇಲೆ ಇಬ್ಬರೂ ಕೂತು ನೋಡಿದೆವು. ಹೊಟ್ಟೆ ತುಂಬಿದವು ಬಲೆ ಹಾಕಿಕೊಂಡು ಕುಣಿಯುತ್ತಿದ್ದವು. ಉಪವಾಸದವು ತೆಪ್ಪಗಿದ್ದವು, ಅವುಗಳ ಪ್ರೋಟೀನು ಬೀಜದ ಪಕ್ಕ, ಎಂದಿನಂತೆ, ಊಟ ಮುಗಿಸಿದ ಗುಮಾಸ್ತನಂತೆ. (ನನ್ನ ಭಾವನವರು ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು.)

ಸಮಿತಿಯ ಹಿಂದಿನ ದಿನ ಇಬ್ಬರೂ ಮಲ್ಹೋತ್ರಾ ಸರ್ ಕೋಣೆಗೆ ಹೋದೆವು. ನಾನು ಬಟ್ಟಲನ್ನು ಪ್ರಸಾದದಂತೆ ಎರಡೂ ಕೈಯಲ್ಲಿ ಹಿಡಿದಿದ್ದೆ. ಸರ್ ನೋಡಿದರು, ಮೂಸಿದರು, ಕೂತರು. ಆಮೇಲೆ ಎದ್ದರು. ‘ಸ್ವಾಮೀಜಿ, ಯೇ ಲ್ಯಾಬ್ ಹೈ ಯಾ ರಸೋಯಿ?’ ಅಂತ ಶುರುವಾಯಿತು. ಇದು ಲ್ಯಾಬೋ ಅಡುಗೆಮನೆಯೋ ಅಂತ ಕೇಳಿ, ನಾಳೆಯಿಂದ ನಾನು ಬರಬೇಕಾಗಿಲ್ಲ ಅನ್ನುವಲ್ಲಿಗೆ ಬರುವಷ್ಟರಲ್ಲಿ ಶಾಹಿನಾ ಬಾಯಿ ಹಾಕಿದಳು.

‘ಸರ್, ಅವರು ಹಳದಿ ಕೈ ಹಾಕಿದ್ದು ಒಂದು ದಿನ. ಹೊಟ್ಟೆ ತುಂಬಿದ ಕೋಶ ನೋಡದೆ ಬಿಟ್ಟಿದ್ದು ಮೂರು ವಾರ. ಅದು ನಾನು, ನೀವು. ಅವರು ಬರೀ ಗಾಜು ಇಟ್ಟು ನೋಡಿದ್ರು. ನಮ್ಮಿಬ್ಬರಲ್ಲಿ ಯಾರೂ ನೋಡ್ಲಿಲ್ಲ.’

ಸರ್ ಮತ್ತೆ ಕೂತರು. ಸಮೋಸ ನೆನಪಾಗಿರಬೇಕು.

ಮಾರನೆಯ ದಿನ ಸಮಿತಿಯ ಮುಂದೆ ಅವಳು ಎಲ್ಲವನ್ನೂ ತೋರಿಸಿದಳು. ಮೂರು ವರ್ಷ ಪ್ರೋಟೀನು ಏಳಲಿಲ್ಲ, ಎದ್ದದ್ದು ಅರಿಶಿನ, ಹೀಗೆ ಹೀಗೆ ಪತ್ತೆಯಾಯಿತು ಅಂತ. ಪ್ರೊಜೆಕ್ಟರಿನ ಪ್ಲಗ್ಗು ಸಡಿಲವಿದ್ದದ್ದರಿಂದ ಅದನ್ನು ಒತ್ತಿ ಹಿಡಿಯಲು ನನ್ನನ್ನು ಕೂರಿಸಿದ್ದರು, ಹಾಗಾಗಿ ಕಣ್ಣಾರೆ ನೋಡಿದೆ. ಒಬ್ಬ ಮುದುಕರು ನಕ್ಕು ನಕ್ಕು ಕೆಮ್ಮಿದರು. ಇನ್ನೊಬ್ಬರು ನಗದೆ, ಇನ್ನೂ ಏನು ಮಾಡಲು ಉಳಿದಿದೆ ಅಂತ ಕೇಳಿದರು. ‘ಅದು ನಿಜವಾಗಿಯೂ ಏಳುವುದಿಲ್ಲ ಅಂತ ಸರಿಯಾಗಿ ತೋರಿಸುವುದು’ ಅಂದಳು. ಒಂದು ವರ್ಷ ಕೊಟ್ಟರು. ಯಾಕೆ ಕೊಟ್ಟರೋ. ಊಟದ ಹೊತ್ತಾಗಿತ್ತು ಅನ್ನುವುದು ನನ್ನ ಅನುಮಾನ.

ಆ ವರ್ಷದಲ್ಲಿ ಅವಳು ಪ್ರೋಟೀನು ಏಳುವುದಿಲ್ಲ ಅನ್ನುವುದನ್ನು ಎಲ್ಲ ದಿಕ್ಕಿನಿಂದಲೂ ತೋರಿಸಿದಳು. ಅದಕ್ಕೇ ಡಾಕ್ಟರ್ ಆದಳು. ಮಲ್ಹೋತ್ರಾ ಸರ್ ಊಹೆಯನ್ನು ಸೊಂಟದಿಂದ ಇಳಿಸಿದರು, ನನಗೆ ಮತ್ತೆ ಗುಡ್ ಮಾರ್ನಿಂಗ್ ಅನ್ನಲು ಎಂಟು ತಿಂಗಳು ತೆಗೆದುಕೊಂಡರು. ನನ್ನ ಕಾಂಟ್ರಾಕ್ಟು ಉಳಿಯಿತು. ಮೂರನೇ ಮಹಡಿಯವರು ಮಾತ್ರ ಲಿಫ್ಟಿನಲ್ಲಿ ನನ್ನನ್ನು ಕಂಡರೆ ಮೆಟ್ಟಿಲು ಹತ್ತತೊಡಗಿದರು.

ಮರುವರ್ಷ ಆಯುಧಪೂಜೆಯ ಬೆಳಿಗ್ಗೆ, ನಾನು ಮೇಜಿನ ಕಾಲಿಗೆ ಬೊಟ್ಟು ಇಡುವುದೋ ಬೇಡವೋ ಅಂತ ನಿಂತಿದ್ದಾಗ, ಶಾಹಿನಾ ಕಾಗದದಲ್ಲಿ ಸುತ್ತಿದ ಪೊಟ್ಟಣವೊಂದನ್ನು ಕೈಗಿತ್ತಳು. ಒಳಗೆ ಹೊಸ ಚಿಮಟ.

‘ನಿಮ್ಮ ಹಳೇದನ್ನ ದೇವರ ಮುಂದೆ ಇಡಿ ಅಣ್ಣಾ. ಅದು ಅವನದು. ಇದು ನಂದು, ಇದಕ್ಕೆ ರಜೆ ಇಲ್ಲ. ಕುಂಕುಮ ಇಟ್ರೆ ನೋಡಿ.’ ಆಮೇಲೆ ಕೈ ಚಾಚಿದಳು. ‘ಪುರಿ ಎಲ್ಲಿ?’

ಈ ವರ್ಷದ ಹಬ್ಬದ ದಿನ ನಾನು ಇದನ್ನು ಒಂದೊಂದೇ ಅಕ್ಷರ ಹುಡುಕಿ ಟೈಪು ಮಾಡುತ್ತ ಕೂತಿದ್ದೆ. ಗಿರಿಜೆ ಅಡುಗೆಮನೆಯಿಂದ ಬಂದಳು. ಒಂದು ಕೈಯಲ್ಲಿ ಹಾಲಿನ ಪ್ಯಾಕೆಟ್ಟು, ಹತ್ತೂ ಬೆರಳಿಗೆ ಅರಿಶಿನ.

‘ಕತ್ತರಿ, ಚಾಕು ಎಲ್ಲಾ ದೇವರ ಮುಂದಿವೆ. ಪಾಯಸಕ್ಕೆ ಹಾಲು ಬೇಕು. ಕೊಡಿ ಇಲ್ಲಿ ನಿಮ್ಮ ಚಿಮಟ.’

‘ಕೈ ತೊಳ್ಕೊಂಡು ಬಾ.’

‘ತೊಳೆದ್ರೆ ಹೋಗಲ್ಲ ಅಂತ ನೀವೇ ಹೇಳ್ತೀರಲ್ಲ ವರ್ಷವೆಲ್ಲ!’

ಅದೂ ಸರಿಯೇ. ಜೇಬಿನಿಂದ ಚಿಮಟ ತೆಗೆದು, ನಾನೇ ಎದ್ದು ಹೋಗಿ, ಅವಳು ಹಿಡಿದುಕೊಂಡ ಪ್ಯಾಕೆಟ್ಟಿನ ಮೂಲೆಗೆ ಮೊನೆಯಿಂದ ಚುಚ್ಚಿದೆ. ಹಾಲು ಪಾತ್ರೆಗೆ ಬಿತ್ತು. ಚಿಮಟವನ್ನು ತೊಳೆದು, ಒರೆಸಿ, ಬೆಳಕಿಗೆ ಹಿಡಿದು ನೋಡಿ, ಜೇಬಿಗಿಟ್ಟೆ.